ವಿಸ್ಕಿಗೆ ಮಾಫಿ, ಮಾರ್ಫಿನ್‌ಗೆ ಕಾವಲು

ಕುಡಿತ ಮನೆ ಮುರಿಯುವ ಕಥೆ ನಮ್ಮ ರಂಗಭೂಮಿಗೆ ಹೊಸದಲ್ಲ. ರಾಮ ಗಣೇಶ ಗಡಕರಿ ಬರೆದ ಮರಾಠಿ ನಾಟಕ ‘ಏಕಚ್ ಪ್ಯಾಲಾ’ದಲ್ಲಿ ವಕೀಲ ಸುಧಾಕರ ಕುಡಿಯುತ್ತಾನೆ, ಹೆಂಡತಿ ಸಿಂಧು ನವೆಯುತ್ತಾಳೆ, ತಪ್ಪು ಯಾರದೆಂದು ಪ್ರೇಕ್ಷಕ ಯೋಚಿಸಬೇಕಾಗಿಯೇ ಇಲ್ಲ. ಅಮೆರಿಕದ ಯೂಜೀನ್ ಓನೀಲ್ ತನ್ನ ಮನೆಯದೇ ಕಥೆಯನ್ನು ಹೆಸರು ಬದಲಿಸಿ ಬರೆದ ‘ಲಾಂಗ್ ಡೇಸ್ ಜರ್ನಿ ಇನ್ಟು ನೈಟ್’ನಲ್ಲಿ ಅಂಥ ಅನುಕೂಲ ಸಿಗುವುದಿಲ್ಲ. 1912ರ ಆಗಸ್ಟ್ ತಿಂಗಳ ಒಂದೇ ದಿನ, ಒಂದೇ ಮನೆ. ಮಾರ್ಫಿನ್ ಬಿಡಿಸಿಕೊಂಡು ಬಂದಿರುವ ತಾಯಿ ಮೇರಿ ನಡುರಾತ್ರಿಯ ಹೊತ್ತಿಗೆ ಪೂರ್ತಿ ಅದರ ವಶವಾಗಿರುತ್ತಾಳೆ. ಹೆಸರಾಂತ ನಟನಾದ ಗಂಡ, ಹಿರಿಮಗ ಜೇಮಿ, ಕ್ಷಯ ತಗಲಿದ ಕಿರಿಮಗ ಎಡ್ಮಂಡ್, ಮೂವರೂ ಅವಳ ಸ್ಥಿತಿಗೆ ಮರುಗುತ್ತಾರೆ, ವಿಸ್ಕಿ ಲೋಟ ಮಾತ್ರ ಕೈಬಿಡುವುದಿಲ್ಲ. ಗಂಡಸರ ಚಟ ರೂಢಿ, ಹೆಂಗಸಿನ ಚಟ ಕಳಂಕ ಎಂಬ ಈ ಲೆಕ್ಕವೇ ಆ ಸಂಸಾರವನ್ನು ಒಡೆಯುತ್ತದೆ ಎಂಬುದು ನನ್ನ ವಾದ.

ನಾಟಕದೊಳಗೇ ಇದಕ್ಕೆ ಸಾಕಷ್ಟು ಪುರಾವೆಯಿದೆ. ಮಕ್ಕಳು ಅಪ್ಪನ ಬಾಟಲಿಯಿಂದ ಕದ್ದು ಕುಡಿದು, ಗೊತ್ತಾಗದಿರಲೆಂದು ನೀರು ಬೆರೆಸಿಡುತ್ತಾರೆ. ಅಪ್ಪನಿಗೂ ಆ ಆಟ ಗೊತ್ತು, ಅದು ಆ ಮನೆಯ ತಮಾಷೆ. ಮೇರಿ ರಾತ್ರಿ ಎದ್ದು ಪಕ್ಕದ ಕೋಣೆಗೆ ಹೋದರೆ ಮಾತ್ರ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಈ ಕಾವಲು, ಈ ಅನುಮಾನ ತನ್ನನ್ನು ಹಿಂಡುತ್ತಿದೆ ಎಂದು ಅವಳು ಹೇಳಿಯೂ ಹೇಳುತ್ತಾಳೆ. ಇಷ್ಟಕ್ಕೂ ಅವಳಿಗೆ ಮಾರ್ಫಿನ್ ಅಂಟಿದ್ದು ಮೋಜಿನಿಂದಲ್ಲ. ಎಡ್ಮಂಡ್‌ನ ಹೆರಿಗೆಯ ನಂತರದ ನೋವಿಗೆ ಹೋಟೆಲ್ಲಿನ ವೈದ್ಯನೊಬ್ಬ ಕೊಟ್ಟ ಮದ್ದು ಅದು. ಅಗ್ಗದ ವೈದ್ಯನನ್ನು ಕರೆಸಿದ್ದು ಗಂಡನ ಜಿಪುಣತನ ಎಂಬುದು ಅವಳ ದೂರು. 1914ರ ಹ್ಯಾರಿಸನ್ ಕಾಯ್ದೆ ಬರುವವರೆಗೆ ಇಂಥ ಮದ್ದುಗಳ ಮೇಲೆ ಅಲ್ಲಿನ ಕೇಂದ್ರ ಸರ್ಕಾರದ ಹಿಡಿತ ಸಡಿಲವಾಗಿತ್ತು. ಮೇರಿಗೂ ಅದು ಊರಿನ ಔಷಧಿ ಅಂಗಡಿಯಿಂದಲೇ ಬರುತ್ತದೆ, ತರುವುದು ಮನೆಗೆಲಸದ ಹುಡುಗಿ.

ವಿಸ್ಕಿಯನ್ನೂ ಮಾರ್ಫಿನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ಯಾರಾದರೂ ಕೇಳಿಯಾರು. ಮಾರ್ಫಿನ್‌ನ ಹಿಡಿತ ಬಿಗಿಯಾದದ್ದು, ನಿಜ. ಆದರೆ ಓನೀಲ್‌ನ ನಿಜವಾದ ತಾಯಿ ಎಲಾ 1914ರ ಸುಮಾರಿಗೆ ಅದರಿಂದ ಬಿಡಿಸಿಕೊಂಡಳು. ಕುಡಿದು ಸತ್ತವನು ಅಣ್ಣ ಜೇಮಿ, 1923ರಲ್ಲಿ, 45ನೇ ವಯಸ್ಸಿಗೆ. ತಾಯಿಯ ಗೆಲುವನ್ನು ಓನೀಲ್ ನಾಟಕಕ್ಕೆ ತರಲಿಲ್ಲ. ಇದು ಅವಳಿಗೆ ಮಾಡಿದ ಅನ್ಯಾಯ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೂ ಅವಳು ಗುಣವಾಗುವುದನ್ನು ತೋರಿಸಿದ್ದರೆ ಪ್ರೇಕ್ಷಕರು ಸಮಾಧಾನಪಟ್ಟು ಎದ್ದುಹೋಗುತ್ತಿದ್ದರು, ಮೂವರು ಗಂಡಸರ ಲೋಟಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಕೊನೆಯ ಅಂಕದಲ್ಲಿ ಕುಡಿದ ಜೇಮಿ ತಮ್ಮನೆದುರು ಒಪ್ಪಿಕೊಳ್ಳುತ್ತಾನೆ: ಅಮ್ಮ ಗೆದ್ದರೆ ತಾನೂ ಗೆದ್ದೇನು ಎಂದುಕೊಂಡಿದ್ದನಂತೆ. ತನ್ನ ಬಿಡುಗಡೆಯ ಹೊರೆಯನ್ನೂ ಅವಳ ತಲೆಗೇ ಹೊರಿಸಿದ್ದ. ಇದು ಬರೀ ನಾಟಕದ ಮಾತಲ್ಲ. 1920ರಲ್ಲಿ ತಂದೆ ತೀರಿಕೊಂಡ ಮೇಲೆ ಜೇಮಿ ಕುಡಿತ ಬಿಟ್ಟು ತಾಯಿಯ ಜೊತೆಗಿದ್ದ. 1922ರಲ್ಲಿ ಅವಳು ಸಾವಿನ ಹಾಸಿಗೆ ಹಿಡಿದಾಗ ಮತ್ತೆ ಬಾಟಲಿ ಎತ್ತಿಕೊಂಡ.