ರೀಸೆಟ್ ರಂಧ್ರಕ್ಕೆ ಪಿನ್ನು ಚುಚ್ಚುವ ಮುನ್ನ

ಬೆಂಗಳೂರಿನ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಮನೆಯೊಳಗೆ ಕೂತು ಫೋನಿನಲ್ಲಿ ವೈ-ಫೈ ಪಟ್ಟಿ ತೆರೆದರೆ ಅಕ್ಕಪಕ್ಕದ ಹೆಸರುಗಳು ಒಂದರ ಕೆಳಗೊಂದು ಸಾಲುಗಟ್ಟುತ್ತವೆ. ಮಹಡಿ ಮನೆಯವರದ್ದು, ಎದುರು ಮನೆಯವರದ್ದು, ಕೆಳಗಿನ ಅಂಗಡಿಯದ್ದು. 20×30, 30×40 ಅಡಿ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗುವಂತೆ ಮನೆ ಎದ್ದಿರುವ ಬಡಾವಣೆಗಳಲ್ಲಿ ಇದು ಸಹಜ. ಒಂದು ದಿನ ಆ ಪಟ್ಟಿಯಲ್ಲಿ ಎಲ್ಲರ ಹೆಸರೂ ಇದ್ದು ನಮ್ಮ ಮನೆಯದ್ದು ಮಾತ್ರ ಮಾಯವಾದಾಗ ‘ನೆಟ್ ಹೋಗಿದೆ’ ಎಂಬ ಕೂಗು ಏಳುತ್ತದೆ. ಯಾರೋ ಒಬ್ಬರು ರೂಟರಿನ ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ರೀಸೆಟ್ ಮಾಡುತ್ತಾರೆ. ಹತ್ತರಲ್ಲಿ ಎಂಟು ಸಲ ತೊಂದರೆ ದೊಡ್ಡದಾಗುವುದು ಅಲ್ಲಿಂದಲೇ ಎಂದು ಲೆಕ್ಕ ಕೊಡಲಾಗದು. ಆದರೆ ರೀಸೆಟ್ ಏನನ್ನು ಅಳಿಸುತ್ತದೆ ಎಂಬುದನ್ನು ತಿಳಿದರೆ ಅದು ಕೊನೆಯ ಮದ್ದಾಗಬೇಕೇ ಹೊರತು ಮೊದಲನೆಯದ್ದಾಗಬಾರದು ಎಂಬುದು ಸ್ಪಷ್ಟವಾಗುತ್ತದೆ. ಕೆಟ್ಟಿರುವುದು ಎಲ್ಲಿ ಎಂದು ಗೊತ್ತುಮಾಡಿಕೊಳ್ಳುವುದು ಮೊದಲು, ಕೈ ಹಾಕುವುದು ಆಮೇಲೆ. ಈ ಕ್ರಮಕ್ಕೆ ಬೇಕಾದ ತಿಳಿವಳಿಕೆ ಪ್ರತಿ ಮನೆಯಲ್ಲೂ ಇರಲು ಸಾಧ್ಯ, ಇರಲೇಬೇಕು.

ನಾವು ರೂಟರ್ ಎಂದು ಕರೆಯುವ ಪೆಟ್ಟಿಗೆ ವಾಸ್ತವವಾಗಿ ಮೂರು ಕೆಲಸ ಮಾಡುತ್ತದೆ. ಬೀದಿಯ ಕಂಬದಿಂದ ಕಿಟಕಿಯ ಮೂಲಕ ಒಳಗೆ ಬಂದ ಫೈಬರ್ ಎಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವುದು ಮೊದಲನೆಯದು. ಮನೆಗಳಿಗೆ ಬರುವ ಬಹುಪಾಲು ಫೈಬರ್ ಸಂಪರ್ಕಗಳ ಹಿಂದಿರುವ ಜಿಪಾನ್ ವ್ಯವಸ್ಥೆಯಲ್ಲಿ 1490 ನ್ಯಾನೊಮೀಟರಿನ ಬೆಳಕು ಮನೆಗೆ ಬರುತ್ತದೆ, 1310 ನ್ಯಾನೊಮೀಟರಿನದ್ದು ಮನೆಯಿಂದ ಹೋಗುತ್ತದೆ. ಬಂದ ಮಾಹಿತಿಯನ್ನು ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ಹಂಚುವುದು ಎರಡನೆಯ ಕೆಲಸ. ಹಂಚಿದ್ದನ್ನು ರೇಡಿಯೊ ಅಲೆಯಾಗಿ ಬಿತ್ತರಿಸುವುದು ಮೂರನೆಯದು. ವೈ-ಫೈ ಎಂದರೆ ಇದಿಷ್ಟೇ. ಮೂರೂ ಕೆಲಸಕ್ಕೆ ಪೆಟ್ಟಿಗೆಯ ಮುಖದ ಮೇಲೆ ಬೇರೆ ಬೇರೆ ದೀಪಗಳಿವೆ. ಎಲ್‌ಒಎಸ್ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬಂದು ತಲುಪುತ್ತಿಲ್ಲ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಕೇಬಲ್ ತುಂಡಾಗಿರಬಹುದು, ಇಲ್ಲವೇ ಮನೆಯೊಳಗೇ ಫೈಬರ್ ಚೂಪಾಗಿ ಮಡಚಿಕೊಂಡಿರಬಹುದು. ಫೈಬರ್ ಸಂಪರ್ಕ ಸರಿಯಿದೆ ಎಂದು ಹೇಳುವ ಪಾನ್ ದೀಪ ಹಸಿರಾಗಿ ಸ್ಥಿರವಾಗಿ ಉರಿಯುತ್ತ, ವೈ-ಫೈ ಅಥವಾ ಡಬ್ಲ್ಯುಲ್ಯಾನ್ ಎಂದು ಬರೆದ ದೀಪ ಮಾತ್ರ ಆರಿದ್ದರೆ ಬೀದಿಯ ಕೇಬಲ್ ಸರಿಯಿದೆ, ತೊಂದರೆ ಪೆಟ್ಟಿಗೆಯೊಳಗಿದೆ. ‘ನೆಟ್ ಹೋಗಿದೆ’ ಎಂಬ ಒಂದೇ ಮಾತು ಈ ಎರಡೂ ಸ್ಥಿತಿಯನ್ನು ಒಂದು ಮಾಡಿಬಿಡುತ್ತದೆ.

ದೀಪದ ಸಾಕ್ಷಿ ಸಾಲದಿದ್ದರೆ ಮತ್ತೊಂದು ಸಾಕ್ಷಿಯನ್ನು ನೆರೆಹೊರೆಯೇ ಒದಗಿಸುತ್ತದೆ. ಫೋನಿನ ಪಟ್ಟಿಯಲ್ಲಿ ಯಾರ ಹೆಸರೂ ಕಾಣದಿದ್ದರೆ ದೋಷ ಫೋನಿನದ್ದು. ನಮ್ಮ ಹೆಸರು ಕಂಡೂ ಸಂಪರ್ಕ ಸಿಗದಿದ್ದರೆ ಪಾಸ್‌ವರ್ಡಿನದ್ದೋ ಮುಂದಿನ ಲೈನಿನದ್ದೋ ತೊಡಕು. ಎಲ್ಲರ ಹೆಸರೂ ಇದ್ದು ನಮ್ಮದೊಂದೇ ಇಲ್ಲದಿದ್ದರೆ ಮಾತ್ರ ರೂಟರ್ ಬಿತ್ತರಣೆ ನಿಲ್ಲಿಸಿದೆ ಎಂದು ಶಂಕಿಸಬೇಕು. ಅದನ್ನೂ ಎರಡನೆಯ ಫೋನಿನಲ್ಲಿ ನೋಡಿಯೇ ತೀರ್ಮಾನಿಸಬೇಕು. ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಬಿತ್ತರಿಸುತ್ತಿದ್ದರೆ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಹಳೆಯ ಫೋನಿಗೆ ಅದು ಕಾಣುವುದೇ ಇಲ್ಲ. 5 ಗಿಗಾಹರ್ಟ್ಸ್ ಅಲೆ ಕಾಂಕ್ರೀಟ್ ಗೋಡೆಗಳಲ್ಲಿ ಬೇಗ ಸೊರಗುವುದರಿಂದ ಹಜಾರದಲ್ಲಿ ಕಂಡ ಹೆಸರು ಹಿಂದಿನ ಕೋಣೆಯಲ್ಲಿ ಕಾಣದಿರಬಹುದು. ಆದ್ದರಿಂದ ಪರೀಕ್ಷೆಯನ್ನು ರೂಟರಿನ ಪಕ್ಕದಲ್ಲೇ ನಿಂತು ಮಾಡಬೇಕು.

ಬಿತ್ತರಣೆ ನಿಂತಿರುವುದು ಖಚಿತವಾದ ಮೇಲೂ ಕಾರಣ ಬಹಳ ಸಣ್ಣದಿರಬಹುದು. ಅನೇಕ ರೂಟರುಗಳ ಬದಿಯಲ್ಲೋ ಹಿಂದೋ ವೈ-ಫೈಯನ್ನು ಆರಿಸುವ ಪುಟ್ಟ ಗುಂಡಿಯಿರುತ್ತದೆ. ಧೂಳು ಒರೆಸುವಾಗ ಬೆರಳು ತಗುಲಿ ಅದು ಒತ್ತಿಹೋದರೆ ಉಳಿದ ದೀಪಗಳೆಲ್ಲ ಉರಿಯುತ್ತಿದ್ದು ರೇಡಿಯೊ ಮಾತ್ರ ಮಲಗಿರುತ್ತದೆ. ಅದನ್ನು ನೋಡಿಯಾದ ಮೇಲೆ ಕರೆಂಟ್ ತೆಗೆದು, ಅರ್ಧ ನಿಮಿಷ ಬಿಟ್ಟು, ಮತ್ತೆ ಕೊಟ್ಟು, ಐದು ನಿಮಿಷ ಸುಮ್ಮನೆ ಕಾಯಬೇಕು. ಈ ಕಾಯುವಿಕೆಗೆ ಅರ್ಥವಿದೆ. ಫೈಬರ್ ಪೆಟ್ಟಿಗೆ ಎಚ್ಚರಗೊಂಡು ಕಂಪನಿಯ ಕೇಂದ್ರದೊಡನೆ ಗುರುತು ಹೇಳಿಕೊಳ್ಳಲು ಕೆಲವು ನಿಮಿಷ ಬೇಕು. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳಲ್ಲಿ ರೇಡಾರ್ ಇದೆಯೇ ಎಂದು ಒಂದು ನಿಮಿಷ ಕಿವಿಗೊಟ್ಟು ಕೇಳಿದ ಮೇಲಷ್ಟೇ ರೂಟರ್ ಬಿತ್ತರಿಸಲು ತೊಡಗುವುದೂ ಉಂಟು. ಆರಿಸಿ ಹೊತ್ತಿಸುವುದಕ್ಕೂ ರೀಸೆಟ್ ಮಾಡುವುದಕ್ಕೂ ಇರುವ ಅಂತರ ದೊಡ್ಡದು: ಮೊದಲನೆಯದು ನಿದ್ದೆ ಕೊಟ್ಟು ಎಬ್ಬಿಸಿದಂತೆ, ಎರಡನೆಯದು ನೆನಪನ್ನೇ ಅಳಿಸಿದಂತೆ.

ಇಷ್ಟಾದರೂ ಹೆಸರು ಕಾಣದಿದ್ದರೆ ಕಣ್ಣು ಹೋಗಬೇಕಾದದ್ದು ಗೋಡೆಯ ಸಾಕೆಟ್ಟಿನಲ್ಲಿರುವ ಅಡಾಪ್ಟರಿನ ಕಡೆಗೆ. ದೀಪ ಉರಿಯುತ್ತಿದೆ ಎಂದ ಮೇಲೆ ಅಡಾಪ್ಟರ್ ಚೆನ್ನಾಗಿಯೇ ಇದೆ ಎಂದು ನಂಬುವುದು ಎಲ್ಲರೂ ಮಾಡುವ ತಪ್ಪು. ಮನೆಯ ರೂಟರುಗಳು ಸಾಮಾನ್ಯವಾಗಿ 12 ವೋಲ್ಟಿನಲ್ಲಿ ನಡೆಯುತ್ತವೆ. ಅಡಾಪ್ಟರಿನೊಳಗಿನ ಕೆಪ್ಯಾಸಿಟರುಗಳು ಬಿಸಿಗೆ ಒಣಗುತ್ತ ಬರುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಅನುಭವದ ಲೆಕ್ಕ. ಕರೆಂಟ್ ಹೋಗಿ ಬರುವಾಗಿನ ವೋಲ್ಟೇಜ್ ಏರಿಳಿತವೂ ಅವನ್ನು ದಣಿಸುತ್ತದೆ. ಹೀಗೆ ಸೊರಗಿದ ಅಡಾಪ್ಟರ್ ದೀಪ ಉರಿಸುವಷ್ಟು ಶಕ್ತಿ ಕೊಡಬಲ್ಲದು, ಆದರೆ ರೇಡಿಯೊ ಬಿತ್ತರಿಸಲು ಹೊರಟು ಹೆಚ್ಚು ಕರೆಂಟ್ ಎಳೆದ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಆಗ ವೈ-ಫೈ ಏಳುವುದೇ ಇಲ್ಲ, ಇಲ್ಲವೇ ಎದ್ದೆದ್ದು ಬೀಳುತ್ತದೆ. ಅಡಾಪ್ಟರನ್ನು ಬಿಡಿಯಾಗಿ ಮಲ್ಟಿಮೀಟರಿಗೆ ಕೊಟ್ಟರೆ ಮುಳ್ಳು 12 ವೋಲ್ಟನ್ನೇ ತೋರಿಸಬಹುದು. ಹೊರೆ ಹೊತ್ತಾಗ ಮಾತ್ರ ಅದರ ನಿಜ ಬಯಲಾಗುತ್ತದೆ. ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚಿನ ಆಂಪಿಯರಿನ, ಪಿನ್ನಿನ ಅಳತೆಯೂ ಧ್ರುವವೂ ಹೊಂದುವ ಇನ್ನೊಂದು ಅಡಾಪ್ಟರ್ ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. ರೂಟರಿಗೆ ಪುಟ್ಟ ಯುಪಿಎಸ್ ಜೋಡಿಸಿರುವ ಮನೆಗಳಲ್ಲಿ ಅದನ್ನು ಬಿಟ್ಟು ನೇರವಾಗಿ ಕರೆಂಟ್ ಕೊಟ್ಟು ನೋಡಬೇಕು.

ಅಡಾಪ್ಟರ್ ನಿರಪರಾಧಿ ಎಂದಾದರೆ ಉಳಿಯುವುದು ಸೆಟ್ಟಿಂಗು ಇಲ್ಲವೇ ರೇಡಿಯೊ ಚಿಪ್ಪು. ರೂಟರಿನ ಹಳದಿಯೋ ಕಪ್ಪೋ ಲ್ಯಾನ್ ಸಾಕೆಟ್ಟಿನಿಂದ ಲ್ಯಾಪ್‌ಟಾಪಿಗೆ ತಂತಿ ಜೋಡಿಸಿದರೆ ಎರಡೂ ಬೇರ್ಪಡುತ್ತವೆ. ತಂತಿಯಲ್ಲಿ ನೆಟ್ ಬರುತ್ತಿದ್ದರೆ ಲೈನ್ ನಿರ್ದೋಷಿ. ಬ್ರೌಸರಿನಲ್ಲಿ 192.168.1.1 ಅಥವಾ ಪೆಟ್ಟಿಗೆಯ ಅಡಿಯ ಚೀಟಿಯಲ್ಲಿರುವ ವಿಳಾಸ ಹಾಕಿ ಒಳಹೊಕ್ಕರೆ ವೈ-ಫೈ ಬಂದ್ ಆಗಿದೆಯೇ, ಹೆಸರನ್ನು ಮರೆಮಾಡಲಾಗಿದೆಯೇ, ರಾತ್ರಿ ತಾನಾಗಿ ಆರುವಂತೆ ವೇಳಾಪಟ್ಟಿ ಇದೆಯೇ ಎಂದು ಕಾಣುತ್ತದೆ. ಎಲ್ಲವೂ ಸರಿಯಿದ್ದೂ ಅಲೆ ಹೊರಡದಿದ್ದರೆ ಚಿಪ್ಪು ಸುಟ್ಟಿರುವ ಸಂಭವ ಹೆಚ್ಚು. ಟಿವಿ ಶೋಕೇಸಿನೊಳಗೆ, ಗಾಳಿಯಾಡದೆ, ಸೆಟ್-ಟಾಪ್ ಬಾಕ್ಸಿನ ಬಿಸಿಯ ಮೇಲೆ ವರ್ಷಗಟ್ಟಲೆ ಕೂತ ರೂಟರಿಗೆ ಈ ಗತಿ ಬರುವುದುಂಟು. ಆಗಲೂ ಪೆಟ್ಟಿಗೆ ಪೂರ್ತಿ ಸತ್ತಿಲ್ಲ. ಅಟ್ಟದ ಮೇಲಿನ ಹಳೆಯ ರೂಟರನ್ನು ವೈ-ಫೈ ಬಿತ್ತರಿಸುವುದಷ್ಟೇ ಕೆಲಸವಾಗಿರುವ ಆಕ್ಸೆಸ್ ಪಾಯಿಂಟ್ ಆಗಿಸಿ ಲ್ಯಾನ್ ತಂತಿಯಲ್ಲಿ ಜೋಡಿಸಿದರೆ ಅದೇ ಸಂಜೆ ಮನೆಗೆ ವೈ-ಫೈ ಮರಳುತ್ತದೆ.

ರೀಸೆಟ್ ಮಾಡಿದರೆ ಇದೆಲ್ಲ ಒಂದೇ ಏಟಿಗೆ ಮುಗಿಯುತ್ತದಲ್ಲ ಎನ್ನುವವರಿದ್ದಾರೆ. ಸೆಟ್ಟಿಂಗ್ ಕೆಟ್ಟಿದ್ದಾಗ ಮುಗಿಯುತ್ತದೆ, ನಿಜ. ಕೆಲವು ಕಂಪನಿಗಳು ಅಳಿಸಿಹೋದ ಸೆಟ್ಟಿಂಗನ್ನು ದೂರದಿಂದಲೇ ತುಂಬುತ್ತವೆ ಎಂಬುದೂ ನಿಜ. ಆದರೆ ಹಲವು ಸಂಪರ್ಕಗಳಲ್ಲಿ ಕಂಪನಿಯ ಜಾಲಕ್ಕೆ ಒಳಹೋಗಲು ಬೇಕಾದ ಪಿಪಿಪಿಒಇ ಬಳಕೆದಾರ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆಗಳನ್ನು ಸಿಬ್ಬಂದಿಯೇ ಬಂದು ಹಾಕಿರುತ್ತಾರೆ. ಅವು ಅಳಿಸಿದರೆ ವೈ-ಫೈ ಇಲ್ಲದ ಮನೆ ಇಂಟರ್‌ನೆಟ್ಟೇ ಇಲ್ಲದ ಮನೆಯಾಗುತ್ತದೆ. ಅಡಾಪ್ಟರಿನ ದೋಷವನ್ನಾಗಲಿ ಸುಟ್ಟ ಚಿಪ್ಪನ್ನಾಗಲಿ ರೀಸೆಟ್ ಸರಿಪಡಿಸಲಾರದು. ಒಂದಿದ್ದ ತೊಂದರೆ ಎರಡಾಗುತ್ತದೆ, ಮೊದಲನೆಯದು ಎರಡನೆಯದರ ಹಿಂದೆ ಅಡಗುತ್ತದೆ.

ಕಂಪನಿಗೆ ಫೋನ್ ಮಾಡಿದರೆ ಹುಡುಗರು ಬಂದು ನೋಡುತ್ತಾರೆ, ಗೃಹಿಣಿಯರೂ ವಯಸ್ಸಾದವರೂ ಇದನ್ನೆಲ್ಲ ಏಕೆ ಕಲಿಯಬೇಕು ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಫೈಬರ್ ಎಳೆ ಬೆಸೆಯುವುದು, ಪೆಟ್ಟಿಗೆ ಬಿಚ್ಚುವುದು ಖಂಡಿತ ಕಂಪನಿಯ ಹುಡುಗರದ್ದೇ ಕೆಲಸ. ಫೈಬರಿನ ತುದಿಯನ್ನು ಕಳಚಿ ಕಣ್ಣೆದುರು ಹಿಡಿಯಲೇಬಾರದು. ಅದರೊಳಗಿನ ಲೇಸರ್ ಕಣ್ಣಿಗೆ ಕಾಣದ ಅವಗೆಂಪು ಬೆಳಕು. ಆದರೆ ದೀಪ ನೋಡಲು, ಗುಂಡಿ ಒತ್ತಲು, ಪಟ್ಟಿ ಓದಲು ತಾಂತ್ರಿಕ ಓದು ಬೇಕಿಲ್ಲ. ಕುಕ್ಕರಿನ ವಿಷಲ್ ಬರದಿದ್ದರೆ ಗ್ಯಾಸ್ಕೆಟ್ಟೋ ವೆಯ್ಟೋ ಎಂದು ಬೇರ್ಪಡಿಸುವ ಅಡುಗೆಮನೆಯ ಬುದ್ಧಿಗೆ ಇದು ಹೊಸದಲ್ಲ. ‘ಪಾನ್ ಹಸಿರಿದೆ, ಎಲ್‌ಒಎಸ್ ಆರಿದೆ, ತಂತಿಯಲ್ಲಿ ನೆಟ್ ಬರುತ್ತಿದೆ, ಅಡಾಪ್ಟರ್ ಬದಲಿಸಿದರೂ ವೈ-ಫೈ ಹೆಸರು ಕಾಣುತ್ತಿಲ್ಲ’ ಎಂದು ದೂರು ಕೊಟ್ಟರೆ ಲೈನ್ ನೋಡುವವರ ಬದಲು ಬದಲಿ ಪೆಟ್ಟಿಗೆ ಹಿಡಿದವರು ಬರಬಹುದು. ‘ನೆಟ್ ಇಲ್ಲ’ ಎಂದಷ್ಟೇ ಹೇಳಿದರೆ ಕೆಂಗೇರಿ ಉಪನಗರಕ್ಕೆ ಎರಡು ಸಲ ಬೈಕು ಓಡಿಸಬೇಕಾಗುತ್ತದೆ, ಆ ಮನೆಯ ಮಗುವಿನ ಪಾಠವೂ ಎರಡು ದಿನ ನಿಲ್ಲುತ್ತದೆ. ಪೆಟ್ಟಿಗೆಯ ಒಳಪುಟದ ಪಾಸ್‌ವರ್ಡನ್ನು ಗ್ರಾಹಕರಿಂದ ಮುಚ್ಚಿಡುವ ಕಂಪನಿಗಳೂ ಇಲ್ಲಿ ತಮ್ಮ ಪಾಲು ಯೋಚಿಸಬೇಕು: ಬಾಗಿಲಿಗೆ ಬೀಗ ಹಾಕಿ ಮನೆಯವರನ್ನೇ ಹೊರಗೆ ನಿಲ್ಲಿಸಿದಂತೆ ಇದು.

ಹೊಸದು ಕೊಂಡರಾಯಿತು ಎಂಬುದು ಕೊನೆಯ ಆಕ್ಷೇಪ. ಅಡಾಪ್ಟರಿನ ತಪ್ಪಿಗೆ ರೂಟರನ್ನು ಎಸೆದರೆ ಹಣದ ಜೊತೆಗೆ ತಾಮ್ರ, ಪ್ಲಾಸ್ಟಿಕ್ಕುಗಳೂ ಕಸಕ್ಕೆ ಸೇರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಆದರೆ ಕೆಡದ ವಸ್ತುವನ್ನು ಎಸೆಯದಿರುವ ಹೊಣೆ ಬಳಸುವವರದ್ದೇ. ಕೆಟ್ಟದ್ದು ಎಲ್ಲಿ ಎಂದು ಹುಡುಕುವ ಅಭ್ಯಾಸ ಈ ಭಾಗಕ್ಕೆ ಹೊಸದೂ ಅಲ್ಲ. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ 1972ರಿಂದ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಕೈಕೆಲಸ ಕಲಿಸುತ್ತ ಬಂದಿದೆ. ಸುತ್ತಲಿನ ಸಣ್ಣ ವರ್ಕ್‌ಶಾಪುಗಳಲ್ಲಿ ಲೇತ್ ನಿಂತರೆ ಬೆಲ್ಟೋ ಮೋಟರೋ ಎಂದು ನೋಡದೆ ಯಾರೂ ಯಂತ್ರ ಮಾರುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ ಮೇಲೆ ನೋಡು ಎಂಬ ಆ ಶಿಸ್ತು ಈ ಬಡಾವಣೆಗಳ ಸ್ವಂತ ಆಸ್ತಿ. ರೂಟರ್ ಚೆನ್ನಾಗಿರುವ ದಿನವೇ ಯಾವ ದೀಪ ಯಾವ ಬಣ್ಣದಲ್ಲಿದೆ ಎಂದು ಫೋಟೊ ತೆಗೆದು, ಅಡಾಪ್ಟರಿನ ವೋಲ್ಟು-ಆಂಪಿಯರನ್ನೂ ಗ್ರಾಹಕ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದು ಪಕ್ಕದ ಗೋಡೆಗೆ ಅಂಟಿಸಿಟ್ಟರೆ ಆ ಶಿಸ್ತು ಮನೆಯೊಳಗೂ ಬರುತ್ತದೆ. ಪಟ್ಟಿಯಲ್ಲಿ ಹೆಸರು ಕಾಣದ ದಿನ ಮನೆಯವರ ಕೈ ಮೊದಲು ಹೋಗಬೇಕಾದದ್ದು ಆ ಚೀಟಿಯ ಕಡೆಗೆ.