ಹಲವು ಅರ್ಥದ ಪದ ಓದುಗನನ್ನು ತಡೆಯುವುದಿಲ್ಲವೇಕೆ?

ಇಂಗ್ಲಿಷಿನ ‘ಬಾರ್ಕ್’ ಎಂದರೆ ಮರದ ತೊಗಟೆಯೂ ಹೌದು, ನಾಯಿಯ ಬೊಗಳುವಿಕೆಯೂ ಹೌದು. ಇವೆರಡಕ್ಕೂ ನಂಟಿಲ್ಲ, ರೂಪ ಒಂದೇ ಆಗಿರುವುದು ಆಕಸ್ಮಿಕ. ‘ಟ್ವಿಸ್ಟ್’ ಹಾಗಲ್ಲ. ಹಗ್ಗ ಹೊಸೆಯುವುದಕ್ಕೂ ಕಾಲು ಉಳುಕುವುದಕ್ಕೂ ಸತ್ಯ ತಿರುಚುವುದಕ್ಕೂ ಅದೇ ಪದ. ಅರ್ಥಗಳೆಲ್ಲ ಒಂದೇ ಬಳ್ಳಿಯವು. ಓದುಗನ ತಲೆಯಲ್ಲಿ ನಿಘಂಟಿನಂಥ ಪಟ್ಟಿಯಿದ್ದು, ಪದ ಕಂಡಾಗಲೆಲ್ಲ ಅವನು ಅದರಲ್ಲೊಂದು ಅರ್ಥವನ್ನು ಹೆಕ್ಕುತ್ತಾನೆ ಎನ್ನುವುದಾದರೆ, ಅರ್ಥ ಹೆಚ್ಚಿದಷ್ಟೂ ತಡವಾಗಬೇಕು. ಜೆನಿಫರ್ ರಾಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದೇ ಬೇರೆ. ಕಣ್ಣೆದುರು ಮೂಡಿದ ಅಕ್ಷರಗಳು ನಿಜವಾದ ಇಂಗ್ಲಿಷ್ ಪದವೋ ಅಲ್ಲವೋ ಎಂದಷ್ಟೇ ಹೇಳಬೇಕಿತ್ತು. ಬಾರ್ಕ್‌ನಂಥ ಪದಗಳಿಗೆ ಉತ್ತರ ನಿಧಾನವಾಯಿತು. ಟ್ವಿಸ್ಟ್‌ನಂತೆ ನಂಟುಳ್ಳ ಅರ್ಥಗಳು ಹೆಚ್ಚಿದ್ದ ಪದಗಳಿಗೆ ಬೇಗ ಬಂತು. ಅಂದರೆ ನಂಟುಳ್ಳ ಅರ್ಥಗಳು ಒಂದರೊಡನೊಂದು ಪೈಪೋಟಿಗಿಳಿಯುವುದಿಲ್ಲ, ಕೈಜೋಡಿಸುತ್ತವೆ.

ಬಿಡಿ ಪದ ಗುರುತಿಸುವುದು ಬೇರೆ, ವಾಕ್ಯದಲ್ಲಿ ಅರ್ಥಮಾಡಿಕೊಳ್ಳುವುದು ಬೇರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಲಿನ್ ಫ್ರೇಜಿಯರ್ ಮತ್ತು ಕೀತ್ ರೇನರ್ 1990ರಲ್ಲೇ ವಾಕ್ಯ ಓದುವವರ ಕಣ್ಣಿನ ಚಲನೆಯನ್ನು ಅಳೆದಿದ್ದರು. ಯಾವ ಅರ್ಥವೆಂಬ ಸುಳಿವು ಪದದ ನಂತರ ಬಂದಾಗ, ನಂಟಿಲ್ಲದ ಅರ್ಥಗಳಿರುವ ಪದಗಳಲ್ಲಿ ಓದುಗರು ಎಡವಿದರು. ‘ನ್ಯೂಸ್‌ಪೇಪರ್’ನಂಥ ಪದಗಳಲ್ಲಿ ಆ ತೊಡಕು ಅಷ್ಟಾಗಿ ಕಾಣಲಿಲ್ಲ. ನ್ಯೂಸ್‌ಪೇಪರ್ ಹರಿಯಲೂಬಹುದು, ಯಾರನ್ನಾದರೂ ಕೆಲಸದಿಂದ ತೆಗೆಯಲೂಬಹುದು. ಓದುಗ ಕಾಗದವೋ ಸಂಸ್ಥೆಯೋ ಎಂದು ತಕ್ಷಣ ತೀರ್ಮಾನಿಸದೆ, ಎರಡಕ್ಕೂ ಸಲ್ಲುವ ಮಸುಕು ತಿಳಿವಳಿಕೆಯೊಂದಿಗೆ ಮುಂದೆ ಸಾಗುತ್ತಾನೆ. ಒಂದು ‘ಬುಕ್’ ಭಾರವಾಗಿದೆ, ಆದರೆ ಸೊಗಸಾಗಿದೆ ಎಂದರೆ ಇಂಗ್ಲಿಷರಿಗೆ ವಿಚಿತ್ರವೆನಿಸದು. ಭಾರ ಹಾಳೆಗಳದು, ಸೊಗಸು ಬರಹದ್ದು; ಪದ ಒಂದೇ ಸಲ ಬಂದಿದೆ. ಬಾರ್ಕ್‌ನಿಂದ ಈ ಕಸರತ್ತು ಮಾಡಿಸಿದರೆ ಅದು ಬರೀ ತಮಾಷೆ.

ನಂಟುಳ್ಳ ಅರ್ಥಗಳು ಹೀಗೆ ಒಟ್ಟಿಗಿರುತ್ತವೆ ಎಂಬುದನ್ನು ಡೆವೊರಾ ಕ್ಲೈನ್ ಮತ್ತು ಗ್ರೆಗರಿ ಮರ್ಫಿ ಮಾತ್ರ ಒಪ್ಪಲಿಲ್ಲ. ಅವರ 2001ರ ಪ್ರಯೋಗಗಳಲ್ಲಿ, ಹಾಳೆ ಎಂಬರ್ಥದ ‘ಪೇಪರ್’ ಓದಿದವರಿಗೆ ಕೂಡಲೇ ಪತ್ರಿಕೆ ಎಂಬರ್ಥದ ‘ಪೇಪರ್’ ಎದುರಾದರೆ ತಡವಾಗುತ್ತಿತ್ತು. ಹಾಗಾಗಿ ಪ್ರತಿ ಅರ್ಥಕ್ಕೂ ಮನಸ್ಸಿನಲ್ಲಿ ಪ್ರತ್ಯೇಕ ಜಾಗವಿದೆ ಎಂದು ಅವರು ವಾದಿಸಿದರು. ಗಟ್ಟಿ ಸಾಕ್ಷ್ಯವೇ, ಆದರೆ ಹಾಳೆಗೂ ಪತ್ರಿಕೆಗೂ ಇಂದು ಉಳಿದಿರುವ ನಂಟು ತೆಳುವಾದದ್ದು. ಎಕಟೆರಿನಿ ಕ್ಲೆಪೂಸ್ನಿಯೋಟು ಮತ್ತಿತರರು 2008ರಲ್ಲಿ ಅರ್ಥಗಳ ಸಾಮ್ಯವನ್ನೇ ಅಳತೆಗೋಲಾಗಿಸಿ ನೋಡಿದರು. ಸಾಮ್ಯ ಹೆಚ್ಚಿದ್ದಲ್ಲಿ ಅರ್ಥದಿಂದ ಅರ್ಥಕ್ಕೆ ದಾಟುವುದು ಸಲೀಸಾಗಿತ್ತು, ಕಡಿಮೆಯಿದ್ದಲ್ಲಿ ಬಾರ್ಕ್‌ನಂಥ ಪದಗಳ ತೊಡಕೇ ಕಾಣಿಸಿತು. ನಿಘಂಟು ಎಲ್ಲ ಅರ್ಥಗಳಿಗೂ ಒಂದೇ ಬಗೆಯ ಕ್ರಮಸಂಖ್ಯೆ ಹಾಕುತ್ತದೆ. ಇಂಗ್ಲಿಷ್ ಓದುಗನ ಮನಸ್ಸು ಹಾಕುವುದಿಲ್ಲ.