ಹಳೇ ಲ್ಯಾಪ್‌ಟಾಪ್‌ಗೆ ಹೈಕು ಹಾಕಿ ನೋಡಿ

ನಿಮ್ಮ ಹಳೇ ಲ್ಯಾಪ್‌ಟಾಪ್ ಆನ್ ಆಗುತ್ತೆ, ಆದ್ರೆ ವಿಂಡೋಸ್ ತೆವಳುತ್ತಾ? ಗುಜರಿಗೆ ಕೊಡೋ ಮುಂಚೆ ಹೈಕು ಹಾಕಿ ನೋಡಿ. ಇದೊಂದು ಬೇರೆಯದೇ ಆಪರೇಟಿಂಗ್ ಸಿಸ್ಟಂ: ವಿಂಡೋಸ್ ಅಲ್ಲ, ಲಿನಕ್ಸೂ ಅಲ್ಲ.

ಇದರ ಬೇರು ಹಳೇದು. ಆ್ಯಪಲ್ ಬಿಟ್ಟು ಬಂದ ಜಾನ್ ಲೂಯಿ ಗಾಸೆ 1990ರಲ್ಲಿ 'ಬಿ' ಅನ್ನೋ ಕಂಪನಿ ಕಟ್ಟಿದ್ರು. ಅದರ ಆಪರೇಟಿಂಗ್ ಸಿಸ್ಟಂ ಬಿಓಎಸ್ ಬಲು ಚುರುಕು. ಆದ್ರೂ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. 2001ರಲ್ಲಿ ಪಾಮ್ ಕಂಪನಿಯ ಪಾಲಾಯ್ತು. ಅಭಿಮಾನಿಗಳು ಕೈಕಟ್ಟಿ ಕೂರಲಿಲ್ಲ. ಅದೇ ವರ್ಷ, ಅದೇ ಮಾದರಿಯಲ್ಲಿ ಹೊಸದಾಗಿ ಕೋಡ್ ಬರೆಯೋಕೆ ಶುರು ಮಾಡಿದ್ರು. ಅದೇ ಇವತ್ತಿನ ಹೈಕು. ಓಪನ್ ಸೋರ್ಸ್, ಪೂರ್ತಿ ಉಚಿತ.

ಕನಿಷ್ಠ 384 ಎಂಬಿ ರ‍್ಯಾಮ್, 3 ಜಿಬಿ ಜಾಗ ಸಾಕು. 2 ಜಿಬಿ ರ‍್ಯಾಮ್ ಇದ್ರೆ ಆರಾಮ. 32 ಬಿಟ್ ಕಂಪ್ಯೂಟರ್‌ಗೂ ಸಿಗುತ್ತೆ.

ಹೈಕು ಪರದೆ ಹೇಗಿರುತ್ತೆ ನೋಡಿ. ಪ್ರತಿ ವಿಂಡೋ ತಲೆ ಮೇಲೆ ಒಂದು ಪಟ್ಟಿ, ಬಳಸ್ತಿರೋ ವಿಂಡೋದ್ದು ಹಳದಿ. ಕೀಬೋರ್ಡ್‌ನ ವಿಂಡೋಸ್ ಕೀ ಒತ್ತಿ ಹಿಡಿದು, ಫೋಲ್ಡರ್ ವಿಂಡೋದ ಪಟ್ಟಿಯನ್ನ ಎಡಿಟರ್ ವಿಂಡೋದ ಪಟ್ಟಿ ಮೇಲೆ ಎಳೆದು ಬಿಡಿ. ಎರಡೂ ಬ್ರೌಸರ್ ಟ್ಯಾಬ್‌ಗಳ ಥರ ಒಂದಾದವು!

ಪ್ರಯತ್ನಿಸೋಕೆ ಹೈಕುವಿನ ಇಮೇಜ್ ಫೈಲ್ ಡೌನ್‌ಲೋಡ್ ಮಾಡಿ, ಪೆನ್‌ಡ್ರೈವ್‌ಗೆ ರೈಟ್ ಮಾಡಿ, ಅದರಿಂದಲೇ ಬೂಟ್ ಮಾಡಿ. ಇನ್‌ಸ್ಟಾಲ್ ಬೇಡ, 'ಟ್ರೈ ಹೈಕು' ಒತ್ತಿ. ವೈಫೈ, ಸೌಂಡ್ ಬರುತ್ತಾ ಪರೀಕ್ಷಿಸಿ.

ಹೈಕು ಇನ್ನೂ ಬೀಟಾ ಹಂತದಲ್ಲಿದೆ. ಐದನೇ ಬೀಟಾ ಬಂದಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಭಾರೀ ಗೇಮ್‌ಗಳಿಗೆ ಇದಲ್ಲ. ಬರೆಯೋಕೆ, ಹಾಡು ಕೇಳೋಕೆ, ಮಕ್ಕಳು ಪ್ರೋಗ್ರಾಮಿಂಗ್ ಕಲಿಯೋಕೆ ಧಾರಾಳ ಸಾಕು. ಇಷ್ಟವಾದ್ರೆ ಫೈಲ್‌ಗಳ ಬ್ಯಾಕಪ್ ತಗೊಂಡು, ಆಮೇಲೆ ಇನ್‌ಸ್ಟಾಲ್ ಮಾಡಿ.